ಹೂವಿನ ಗಂಧದಲ್ಲಿ ಪಾಲುಗಾರರು

ಪುಷ್ಯ ಕಳೆದು ಮಾಘ ಕಾಲಿಡುವ ಹೊತ್ತಿಗೆ ದಕ್ಷಿಣ ಕನ್ನಡದ ಬೆಳುವಾಯಿಯ ಯಾವ ಮನೆಯ ಹಿತ್ತಿಲನ್ನು ಹೊಕ್ಕರೂ, ಸೆಗಣಿ ಸಾರಿಸಿದ ಅಂಗಳ ಮುಗಿದು ತರಗೆಲೆಯ ರಾಜ್ಯ ಆರಂಭವಾಗುವಲ್ಲಿ, ಹಲಸಿನ ಮರದ ಬುಡದಲ್ಲಿ, ಹೆಬ್ಬೆರಳಿಗಿಂತ ತುಸು ದೊಡ್ಡವಾದ ಕರಿಯ ತುಂಡುಗಳು ಅಲ್ಲೊಂದು ಇಲ್ಲೊಂದು ಬಿದ್ದಿರುವುದನ್ನು ಕಾಣಬಹುದು. ಹೊಸಬರು ಇವನ್ನು ಕಂಡು, ಈ ವರ್ಷದ ಗುಜ್ಜೆಯೆಲ್ಲ ಕೊಳೆತು ಉದುರಿತಲ್ಲಾ ಎಂದು ಮರುಗುವುದುಂಟು. ಬಲ್ಲ ಮನೆಯೊಡತಿ ನಕ್ಕುಬಿಡುತ್ತಾಳೆ. ಅವು ಗುಜ್ಜೆಯಲ್ಲ, ಹಲಸಿನ ಗಂಡು ಹೂವಿನ ಗೊಂಚಲುಗಳು, ಪರಾಗವನ್ನು ಕೊಟ್ಟು ಮುಗಿಸಿ ಉದುರುವುದೇ ಅವುಗಳ ಧರ್ಮ. ಹೆಣ್ಣು ಗೊಂಚಲು ಕಾಂಡವನ್ನು ಕಚ್ಚಿಕೊಂಡು ಗುಜ್ಜೆಯಾಗಿ, ಮುಂದೆ ಹಣ್ಣಾಗಿ ಮನೆಮಂದಿಯ ಗೌರವಕ್ಕೆ ಪಾತ್ರವಾಗುತ್ತದೆ. ಗಂಡು ಗೊಂಚಲಾದರೋ ಕೆಲವು ದಿವಸ ಹಳದಿಯ ಪರಾಗವನ್ನು ಮೆತ್ತಿಕೊಂಡು ನಿಂತು, ಬಳಿಕ ಬಿಳಿಯ ನೂಲಿನಂತಹ ಬೂಷ್ಟನ್ನು ಹೊದ್ದು, ಆ ಬಿಳುಪು ಬೂದಿಬಣ್ಣವಾಗಿ, ಬೂದಿ ಕಪ್ಪಾಗಿ ನೆಲಕ್ಕೆ ಬೀಳುತ್ತದೆ. ಆ ಬೂಷ್ಟಿಗೆ ಶಾಸ್ತ್ರಜ್ಞರು ಇಟ್ಟ ಹೆಸರು ರೈಜೋಪಸ್. ಅತಿಯಾದ ತೇವದಲ್ಲಿ ಇದು ಎಳೆಗುಜ್ಜೆಯನ್ನೂ ಹಿಡಿದು ಕೊಳೆಯಿಸುವುದರಿಂದ ಕೃಷಿಕನು ಇದನ್ನು ರೋಗವೆಂದು ಕರೆಯುವುದರಲ್ಲಿ ತಪ್ಪಿಲ್ಲ. ಆದರೆ ಗಂಡು ಹೂವಿನ ಮೇಲೆ ಅದು ಕುಳಿತಾಗ ಅದನ್ನು ಬರಿಯ ರೋಗವೆಂದು ತಳ್ಳಿಹಾಕುವುದು ಅವಸರದ ತೀರ್ಪಾದೀತು.

ಮರದ ಮೇಲಿರುವಾಗಲೇ ಆ ಗೊಂಚಲನ್ನು ಮೂಗಿಗೆ ಹಿಡಿದು ನೋಡಿದವರು ಬಹಳ ಮಂದಿ ಇರಲಾರರು. ಜೇನನ್ನೂ ಕಾಸಿದ ಬೆಲ್ಲವನ್ನೂ ಒಟ್ಟಿಗೆ ನೆನಪಿಗೆ ತರುವ ಮಂದವಾದ ಸಿಹಿಗಂಧ ಅದರದು. ಮಲ್ಲಿಗೆ, ಸುರಗಿ, ಬಕುಳ, ಕೇದಗೆಗಳ ಈ ನಾಡಿನಲ್ಲಿ ಹಲಸಿನ ಹೂವನ್ನು ಮುಡಿಯುವವರಿಲ್ಲ, ದೇವರಿಗೆ ಏರಿಸುವವರಿಲ್ಲ, ಅದು ಹೂವೆಂದು ಒಪ್ಪುವವರೇ ವಿರಳ. ಆದರೂ ನಾನು ಇಲ್ಲಿ ಹೇಳಹೊರಟ ಸಂಗತಿಗೆ ಇದಕ್ಕಿಂತ ತಕ್ಕ ಹೂವನ್ನು ಹಿತ್ತಿಲಿನಲ್ಲಿ ನಾನು ಕಾಣೆ. ಹೂವಿನ ಗಂಧವೆಂಬುದು ಹೂವೊಂದರದೇ ಸೊತ್ತೆಂದು ನಾವು ತಲೆತಲಾಂತರದಿಂದ ನಂಬಿ ಬಂದಿದ್ದೇವೆ. ಆ ಸೊತ್ತಿನಲ್ಲಿ ಕಣ್ಣಿಗೆ ಕಾಣದ ಪಾಲುಗಾರರಿದ್ದಾರೆಂಬುದೂ, ಕೀಟಗಳು ಬರುವುದು ಬಾರದಿರುವುದು ಎಷ್ಟೋ ವೇಳೆ ಅವರ ಮಾತಿನ ಮೇಲೆ ನಿಂತಿದೆಯೆಂಬುದೂ ಕಳೆದ ಇಪ್ಪತ್ತು ಮೂವತ್ತು ವರ್ಷಗಳಲ್ಲಷ್ಟೆ ತಿಳಿದುಬಂದ ವಿಷಯ.

ಹಲಸಿಗೆ ಒಂದು ಸೋದರ ವೃಕ್ಷವುಂಟು. ಮಲಯ ದೇಶದವರು ಅದನ್ನು ಚೆಂಪೆಡಕ್ ಎಂದು ಕರೆಯುತ್ತಾರೆ. ಬೋರ್ನಿಯೊ ದ್ವೀಪದ ಸರವಾಕಿನಲ್ಲಿ, ಲಂಬೀರ್ ಬೆಟ್ಟಗಳ ರಾಷ್ಟ್ರೀಯ ಉದ್ಯಾನದಲ್ಲಿ, ಸಕಾಯಿ ಮೊದಲಾದ ಜಪಾನೀ ವಿಜ್ಞಾನಿಗಳು ಈ ಮರದ ಹೂವನ್ನು ಹಗಲಿರುಳು ಕಾದು ಕುಳಿತು ನೋಡಿದ್ದನ್ನು 2000ರಲ್ಲಿ ಪ್ರಕಟಿಸಿದರು. ಗಂಡು ಗೊಂಚಲಿನ ಮೇಲೆ ಕೋಆನೆಫೊರಾ ಎಂಬ ಬೂಷ್ಟು ಬೆಳೆಯುತ್ತದೆ. ಗಂಧವನ್ನು ಹಿಡಿದು ಬಂದ ಅತಿ ಸಣ್ಣ ನೊರಜುಗಳು ಆ ಬೂಷ್ಟಿನ ಎಳೆಗಳನ್ನು ತಿನ್ನುತ್ತವೆ, ಅಲ್ಲಿಯೇ ಮೊಟ್ಟೆಯಿಡುತ್ತವೆ, ಮರಿಗಳೂ ಅದನ್ನೇ ಉಂಡು ಬೆಳೆಯುತ್ತವೆ. ಹೊಟ್ಟೆ ತುಂಬಿದ ನೊರಜಿನ ಮೈಗೆ ಅಂಟಾದ ಪರಾಗವು ಮೆತ್ತಿಕೊಳ್ಳುತ್ತದೆ. ಹೆಣ್ಣು ಗೊಂಚಲಿನಲ್ಲಿ ಬೂಷ್ಟೂ ಇಲ್ಲ, ಊಟವೂ ಇಲ್ಲ. ಆದರೆ ಗಂಧ ಮಾತ್ರ ಗಂಡಿನದರಂತೆಯೇ ಇರುವುದರಿಂದ, ಔತಣವಿದೆಯೆಂದು ನಂಬಿ ಬಂದ ನೊರಜು ಬರಿಗೈಯಲ್ಲಿ ಮರಳುವಾಗ ಪರಾಗವನ್ನು ಅಲ್ಲಿ ಬಿಟ್ಟುಹೋಗಿರುತ್ತದೆ. ಮರ, ಬೂಷ್ಟು, ನೊರಜು ಎಂಬ ಮೂವರ ಈ ವ್ಯವಹಾರದಲ್ಲಿ ಮರವು ತನ್ನ ಗಂಡು ಹೂವನ್ನು ಬೂಷ್ಟಿಗೆ ಬಾಡಿಗೆಯಾಗಿ ಕೊಟ್ಟು ಪರಾಗಸ್ಪರ್ಶವನ್ನು ಪಡೆಯುತ್ತದೆ. ಹೇಗೂ ಉದುರಿಹೋಗತಕ್ಕ ಹೂವಿಗೆ ಬಂದ ಬಾಡಿಗೆ ಇದು; ನಷ್ಟದ ವ್ಯಾಪಾರವೆನ್ನುವಂತಿಲ್ಲ.

ನಮ್ಮ ಹಲಸಿನ ಕಥೆಯನ್ನು ಹುಡುಕಿದವರು ನಮ್ಮಿಂದ ಬಹುದೂರದಲ್ಲಿದ್ದರೆಂಬುದು ವಿಚಿತ್ರವಾದರೂ ನಿಜ. ಪಶ್ಚಿಮ ಘಟ್ಟದ ಈ ಮರವು ಅಮೆರಿಕದ ಫ್ಲಾರಿಡಾ ಪ್ರಾಂತಕ್ಕೆ ಹೋಗಿ ಬೇರೂರಿ ಬಹಳ ಕಾಲವಾಯಿತು. ಅಲ್ಲಿ ಎಲಿಯಟ್ ಗಾರ್ಡ್‌ನರ್ ಎಂಬವರೂ ಸಂಗಡಿಗರೂ ಹಲಸಿನ ಹೂವಿಗೆ ಬರುವ ನೊರಜನ್ನು ಹಿಡಿದು, ಅದು ಶಾಸ್ತ್ರಕ್ಕೆ ಹೊಸದಾದ ಜಾತಿಯೆಂದು ಕಂಡು, 2018ರಲ್ಲಿ ಕ್ಲಿನೊಡಿಪ್ಲೊಸಿಸ್ ಅಲ್ಟ್ರಾಕ್ರೆಪಿಡೇಟಾ ಎಂದು ನಾಮಕರಣ ಮಾಡಿದರು. ಚಮ್ಮಾರನು ಜೋಡಿನಿಂದಾಚೆಗೆ ತೀರ್ಪು ಹೇಳಬಾರದೆಂಬ ಲ್ಯಾಟಿನ್ ಗಾದೆಯಿಂದ ಬಂದ ಹೆಸರು ಅದು. ತನ್ನ ನಾಡಿನದಲ್ಲದ ಮರದ ಕಾರ್ಯದಲ್ಲಿ ಕೈಹಾಕಿದ ಹುಳವೆಂದು ಕೀಟವನ್ನು ವಿನೋದವಾಗಿ ಗದರಿಸಿದ ಹಾಗೆ. ಗಂಡು ಹೆಣ್ಣು ಗೊಂಚಲುಗಳೆರಡರ ಗಂಧವೂ ಮಾಗಿದ ಹಣ್ಣನ್ನು ನೆನಪಿಸುವಂಥದೆಂದು ಅವರು ಕಂಡುಕೊಂಡರು. ಹಣ್ಣಿನ ವೇಷ ಹಾಕಿದ ಹೂವು ಎಂದು ಅವರು ಕರೆದದ್ದನ್ನು ಯಕ್ಷಗಾನದ ನಾಡಿನವರಾದ ನಾವು ಸುಲಭವಾಗಿ ಅರ್ಥಮಾಡಿಕೊಳ್ಳಬಲ್ಲೆವು.

ಹಲಸನ್ನು ಇಲ್ಲಿಗೆ ನಿಲ್ಲಿಸಿ ಮಕರಂದವುಳ್ಳ ಹೂಗಳ ಕಡೆಗೆ ಬರೋಣ. ಈಗ ತಾನೆ ಅರಳಿದ ಹೂವಿನ ಮಕರಂದವು ಬಹುಮಟ್ಟಿಗೆ ನಿರ್ಜೀವಿಯಾದ ಶುದ್ಧ ಪಾನಕ. ಮೊದಲನೆಯ ಜೇನು ಅಥವಾ ಚಿಟ್ಟೆ ನಾಲಗೆ ಚಾಚಿದ ಕ್ಷಣದಲ್ಲಿ, ಹಿಂದಿನ ಹೂವಿನಿಂದ ಆ ನಾಲಗೆಗೆ ಅಂಟಿಬಂದ ಯೀಸ್ಟೂ ಬ್ಯಾಕ್ಟೀರಿಯವೂ ಅದರೊಳಗೆ ಇಳಿಯುತ್ತವೆ. ಸಕ್ಕರೆಯ ಸಾಂದ್ರತೆ ಅತಿಯಾಗಿರುವುದರಿಂದ ಎಲ್ಲ ಸೂಕ್ಷ್ಮಜೀವಿಗಳೂ ಅಲ್ಲಿ ಬದುಕಲಾರವು. ಬದುಕಬಲ್ಲ ಕೆಲವೇ ಜಾತಿಗಳು ಮಾತ್ರ ಒಂದೆರಡು ದಿವಸದಲ್ಲಿ ಬೇಗ ಬೇಗನೆ ವೃದ್ಧಿಯಾಗಿ ಆ ಪಾನಕವನ್ನು ವಶಮಾಡಿಕೊಳ್ಳುತ್ತವೆ. ಸ್ಪೇನಿನ ಕಾರ್ಲೋಸ್ ಹೆರೆರಾ ಮತ್ತು ಅವರ ಬಳಗದವರು ಒಂದು ಘನ ಮಿಲಿಮೀಟರ್ ಮಕರಂದದಲ್ಲಿ ಲಕ್ಷಕ್ಕೆ ಮಿಕ್ಕ ಯೀಸ್ಟ್ ಕೋಶಗಳನ್ನು ಎಣಿಸಿದ್ದಾರೆ. ಈ ಯೀಸ್ಟುಗಳಲ್ಲಿ ಮುಖ್ಯವಾದ ಕುಲಕ್ಕೆ ಮೆಟ್ಶ್ನಿಕೋವಿಯಾ ಎಂದು ಹೆಸರು; 1908ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ರಷ್ಯದ ಮೆಚ್ನಿಕಾಫರ ಗೌರವಕ್ಕೆ ಅವರು ಬದುಕಿರುವಾಗಲೇ ಇಟ್ಟದ್ದು. ಚಳಿಗಾಲದಲ್ಲಿ ಅರಳುವ ಒಂದು ಹೂವಿನಲ್ಲಿ ಈ ಯೀಸ್ಟು ಸಕ್ಕರೆಯನ್ನು ಉರಿಸಿ ಮಕರಂದವನ್ನು ಕೆಲವು ಡಿಗ್ರಿಗಳಷ್ಟು ಬೆಚ್ಚಗಾಗಿಸುತ್ತದೆಂದು ಹೆರೆರಾ 2010ರಲ್ಲಿ ತೋರಿಸಿದರು.

ಇಲ್ಲಿ ಒಂದು ಶಬ್ದದ ವಿಚಾರವನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಎನ್‌ಜೈಮ್ ಎಂಬುದಕ್ಕೆ ನಮ್ಮ ಪಠ್ಯಪುಸ್ತಕಗಳು ಕಿಣ್ವವೆಂಬ ಮಾತನ್ನು ಬಳಸುತ್ತವೆ. ಸಂಸ್ಕೃತದಲ್ಲಿ ಕಿಣ್ವವೆಂದರೆ ಸುರೆಯನ್ನು ಹುದುಗಿಸಲು ಹಾಕುವ ಹುದುಗು. ಕೌಟಿಲ್ಯನ ಸುರಾಧ್ಯಕ್ಷನಿಗೆ ಅದು ಪರಿಚಿತವಾದ ವಸ್ತು. ಎನ್‌ಜೈಮ್ ಎಂಬ ಮಾತೂ ಗ್ರೀಕಿನಲ್ಲಿ ಯೀಸ್ಟಿನೊಳಗಿನದು ಎಂಬ ಅರ್ಥದಿಂದಲೇ ಹೊರಟದ್ದು. ಎರಡು ಭಾಷೆಗಳೂ ಒಂದೇ ಹುಳಿಯ ಮಡಕೆಯಿಂದ ಮಾತನ್ನು ಎತ್ತಿಕೊಂಡಿವೆ.

ಮಡಕೆಯ ಮಾತು ಬಂದಿತಲ್ಲ. ಹೂವು ಸೂಕ್ಷ್ಮಜೀವಿಗಳ ಮನೆಯೆಂಬುದನ್ನು ತುಳುನಾಡಿನಲ್ಲಿ ಎಲ್ಲರಿಗಿಂತ ಮೊದಲು ಕೈಯಾರೆ ಅರಿತವನು ಕಳ್ಳಿಳಿಸುವ ಮೂರ್ತೆದಾರ. ತೆಂಗಿನ ಅಥವಾ ತಾಳೆಯ ಬಿರಿಯದ ಹೊಂಬಾಳೆಯನ್ನು ಕಟ್ಟಿ, ದಿನವೂ ಮೆಲ್ಲಗೆ ಬಡಿದು ಪಳಗಿಸಿ, ತುದಿಯನ್ನು ತೆಳ್ಳಗೆ ಸವರಿ, ಮಡಕೆಯನ್ನು ತೂಗುಹಾಕಿ ಇಳಿದು ಬಂದರೆ ಅದರೊಳಗೆ ತೊಟ್ಟಿಕ್ಕುವ ರಸವು ಮೊದಲು ಬರಿಯ ಸಿಹಿ. ಹೊಂಬಾಳೆಯ ಮೇಲಿಂದಲೂ ಗಾಳಿಯಿಂದಲೂ ಬಂದು ಮುತ್ತುವ ಹುಳುಗಳ ಕಾಲಿನಿಂದಲೂ ಇಳಿದ ಯೀಸ್ಟು ಮತ್ತು ಜೈಮೊಮೊನಾಸ್ ಎಂಬ ಬ್ಯಾಕ್ಟೀರಿಯಗಳು ಕೆಲವೇ ಗಂಟೆಗಳಲ್ಲಿ ಅದನ್ನು ನೊರೆಗಟ್ಟಿಸಿ, ತುಳುವರು ಕಲಿ ಎನ್ನುವ ಕಳ್ಳಾಗಿ ಮಾಡುತ್ತವೆ. ಮಡಕೆಯ ಒಳಮೈಗೆ ಸುಣ್ಣ ಬಳಿದರೆ ಈ ಪರಿವರ್ತನೆ ತಡೆಯುತ್ತದೆ, ರಸವು ನೀರಾ ಆಗಿಯೇ ಉಳಿದು ಬೆಲ್ಲಕ್ಕೆ ಒದಗುತ್ತದೆ. ಸುಣ್ಣವು ಸೂಕ್ಷ್ಮಜೀವಿಯನ್ನು ತಡೆಯುತ್ತದೆಂದು ಯಾವ ಪುಸ್ತಕವೂ ಹೇಳಿಕೊಡುವ ಮೊದಲೇ ಅನುಭವವು ಹೇಳಿಕೊಟ್ಟಿತ್ತು. ಇದೇ ಕಳ್ಳಿನ ಹುದುಗಿನಿಂದ ಕ್ರೈಸ್ತರ ಮನೆಗಳ ಸನ್ನಾಂ ಉಬ್ಬುತ್ತದೆ. ಮನುಷ್ಯನ ಕೈ ತಗಲದೆಯೇ ಇದು ನಡೆಯುವುದೂ ಉಂಟು: ಮಲೇಷ್ಯದ ಕಾಡಿನ ಬರ್ತಮ್ ತಾಳೆಯ ಹೂಮೊಗ್ಗುಗಳಲ್ಲಿ ಮಕರಂದವು ತಾನಾಗಿ ಹುದುಗಿ ಶೇಕಡಾ 3.8ರವರೆಗೆ ಮದ್ಯಸಾರವನ್ನು ತಳೆಯುತ್ತದೆಂದೂ, ಇರುಳಿನಲ್ಲಿ ಅದನ್ನು ನೆಕ್ಕಲು ಬರುವ ಅಳಿಲಿನಷ್ಟು ಪುಟ್ಟ ಪ್ರಾಣಿಗಳು ಅಮಲಿನ ಲಕ್ಷಣವಿಲ್ಲದೆ ಮರಳುತ್ತವೆಂದೂ 2008ರಲ್ಲಿ ವರದಿಯಾಯಿತು.

ಬೆಳುವಾಯಿಯಿಂದ ತೀರ ದೂರವೇನೂ ಅಲ್ಲದ, 1430ರಲ್ಲಿ ಎದ್ದ ಸಾವಿರ ಕಂಬದ ಬಸದಿಯುಳ್ಳ ಮೂಡುಬಿದಿರೆಯಲ್ಲಿ, ಈ ವಿಷಯಕ್ಕೆ ಇನ್ನೊಂದು ಮುಖವಿದೆ. ಜೈನ ಶ್ರಾವಕನ ಮೂಲಗುಣಗಳಲ್ಲಿ ಮದ್ಯ, ಮಾಂಸ, ಮಧುಗಳನ್ನೂ ಅತ್ತಿ ಆಲ ಮೊದಲಾದ ಐದು ಉದುಂಬರ ಫಲಗಳನ್ನೂ ಬಿಡುವುದು ಸೇರಿದೆ. ಹುದುಗಿದ ರಸವು ಬರಿಯ ಅಮಲಿನ ವಸ್ತುವಲ್ಲ, ಅಸಂಖ್ಯ ಸೂಕ್ಷ್ಮಜೀವಗಳ ಜನ್ಮಸ್ಥಾನವೆಂಬುದು ಆ ಶ್ರಾವಕಾಚಾರ ಗ್ರಂಥಗಳು ಕೊಡುವ ಕಾರಣ. ಪೂರ್ವಿಕರು ಸೂಕ್ಷ್ಮದರ್ಶಕವಿಲ್ಲದೆ ಬ್ಯಾಕ್ಟೀರಿಯವನ್ನು ಕಂಡಿದ್ದರೆಂದು ಇದರಿಂದ ಸಾಧಿಸಹೊರಡುವ ಉತ್ಸಾಹಿಗಳ ಪಂಕ್ತಿಯಲ್ಲಿ ನಾನು ಕೂರಲಾರೆ. ಅವರು ಹಿಂಸೆಯ ಲೆಕ್ಕವನ್ನು ಇಡುತ್ತಿದ್ದರು, ರಸಾಯನದ ಲೆಕ್ಕವನ್ನಲ್ಲ. ಆದರೂ ರಸದಲ್ಲಿ ಜೀವವುಂಟೆಂದು ತರ್ಕದಿಂದಲೇ ಊಹಿಸಿ ಅದಕ್ಕೆ ತಕ್ಕಂತೆ ಊಟವನ್ನು ತಿದ್ದಿಕೊಂಡ ಆ ಶ್ರದ್ಧೆಯು ಸಾಮಾನ್ಯವಾದುದಲ್ಲ. ಅತ್ತಿಯ ಹಣ್ಣೆಂದು ನಾವು ಕರೆಯುವುದು ಒಳಮುಖವಾಗಿ ಮಡಿಸಿದ ಹೂಗೊಂಚಲು. ಅದರ ಗಂಧವು ಬೆಳವಣಿಗೆಯ ಹಂತ ಹಂತಕ್ಕೂ, ಹಗಲಿಗೂ ಇರುಳಿಗೂ ಬೇರೆಯಾಗುವುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೆ ಬೋರ್ಜೆಸ್ ಅವರು ವರ್ಷಗಟ್ಟಲೆ ಅಳೆದಿದ್ದಾರೆ.

ಯೀಸ್ಟಿಗೆ ಗಂಧದಿಂದ ಏನು ಲಾಭ? ಸಕ್ಕರೆಯನ್ನು ತಿಂದು ಸುಮ್ಮನಿರಬಹುದಾಗಿದ್ದ ಈ ಏಕಕೋಶಿಯು ಬಾಳೆಹಣ್ಣಿನ ಪರಿಮಳವುಳ್ಳ ಎಸ್ಟರುಗಳನ್ನು, ಗುಲಾಬಿಯ ಪರಿಮಳದ ಫೀನೈಲ್ ಎಥನಾಲನ್ನು ಏಕೆ ತಯಾರಿಸುತ್ತದೆ? ಉತ್ತರ ದೊರೆತದ್ದು ಆಕಸ್ಮಿಕವಾಗಿ. ಬೆಲ್ಜಿಯಮ್ಮಿನ ಲೂವೆನ್ ನಗರದಲ್ಲಿ ಕೆವಿನ್ ವೆರ್ಸ್ಟ್ರೆಪೆನ್ ಎಂಬ ವಿದ್ಯಾರ್ಥಿಯು ಯೀಸ್ಟಿನ ಎಟಿಎಫ್ ಒಂದು ಎಂಬ ವಂಶವಾಹಿಯನ್ನು ಕಿತ್ತುಹಾಕಿ, ಗಂಧಗೆಟ್ಟ ಯೀಸ್ಟನ್ನು ಒಂದು ಪಾತ್ರೆಯಲ್ಲಿಯೂ ಸಹಜವಾದುದನ್ನು ಇನ್ನೊಂದರಲ್ಲಿಯೂ ಇಟ್ಟು ಮನೆಗೆ ಹೋಗಿದ್ದಾಗ, ಪಕ್ಕದ ಪ್ರಯೋಗಶಾಲೆಯಿಂದ ತಪ್ಪಿಸಿಕೊಂಡ ಹಣ್ಣುನೊಣಗಳು ಬಂದು ಸಹಜ ಯೀಸ್ಟಿನ ಪಾತ್ರೆಯನ್ನೇ ಹೆಚ್ಚಾಗಿ ಮುತ್ತಿಕೊಂಡವು. ಆ ಘಟನೆಯನ್ನು ಮರೆಯದೆ, ಬಹಳ ವರ್ಷಗಳ ತರುವಾಯ ಸಂಗಡಿಗರೊಂದಿಗೆ ಕ್ರಮವಾದ ಪ್ರಯೋಗಗಳನ್ನು ಮಾಡಿ ಅವರು 2014ರಲ್ಲಿ ತೋರಿಸಿದ್ದು ಇದು: ಎಸ್ಟರಿನ ಗಂಧವೇ ನೊಣವನ್ನು ಕರೆಯುತ್ತದೆ; ಕಾಲಿಲ್ಲದ ಯೀಸ್ಟು ನೊಣದ ಕಾಲನ್ನೇರಿ ಊರೂರು ತಿರುಗುತ್ತದೆ. ಸವಾರಿಗೆ ವಾಹನವನ್ನು ಕೂಗಿ ಕರೆಯುವ ಪ್ರಯಾಣಿಕನಂತೆ ಎನ್ನಬಹುದು. ಇದೇ ಎಸ್ಟರುಗಳ ಪೈಕಿ ಒಂದು ಜೇನ್ನೊಣಗಳ ಅಪಾಯಸೂಚಕ ಗಂಧದ ಮುಖ್ಯ ದ್ರವ್ಯವೂ ಹೌದು; ಬಾಳೆಹಣ್ಣು ತಿಂದು ಜೇನುಪೆಟ್ಟಿಗೆಯ ಮುಚ್ಚಳ ತೆರೆಯಬೇಡಿರೆಂದು ಸಾಕಣೆಯವರು ಹೇಳುವುದಕ್ಕೆ ಹೀಗೊಂದು ಆಧಾರವಿದೆ.

ಹೂವಿನ ಗಂಧದಲ್ಲಿ ಸೂಕ್ಷ್ಮಜೀವಿಗಳ ಪಾಲೆಷ್ಟು ಎಂಬುದನ್ನು ನೇರವಾಗಿ ಅಳೆಯಲು ಬಾರ್ಸಿಲೋನದ ಜೋಸೆಪ್ ಪೆನ್ಯುಯೆಲಾಸ್ ಮೊದಲಾದವರು ಹಿಡಿದ ದಾರಿ ಸರಳವಾದದ್ದು. ಎಲ್ಡರ್ ಎಂಬ ಪೊದೆಮರದ ಹೂಗೊಂಚಲುಗಳಿಗೆ ಪ್ರತಿಜೀವಕ ಔಷಧಗಳನ್ನು ಸಿಂಪಡಿಸಿ, ಬ್ಯಾಕ್ಟೀರಿಯಗಳನ್ನು ಅಡಗಿಸಿ, ಬಳಿಕ ಗಂಧವನ್ನು ಅಳೆದರು. ಪರಿಮಳಕ್ಕೆ ಮುಖ್ಯ ಆಧಾರವಾದ ಟರ್ಪೀನುಗಳ ಸೂಸುವಿಕೆಯು ಸುಮಾರು ಮೂರರಲ್ಲಿ ಒಂದು ಪಾಲಿಗೆ ಇಳಿಯಿತು. ಹೂವು ಅದೇ, ಗಿಡ ಅದೇ, ನಿವಾಸಿಗಳು ಮಾತ್ರ ಇಲ್ಲ. 2014ರ ಈ ಫಲಿತಾಂಶವನ್ನು ಓದಿದ ಮೇಲೆ ಸಂಜೆಯ ಮಲ್ಲಿಗೆಯ ಚೆಂಡನ್ನು ಮೂಸುವಾಗ ಇದರಲ್ಲಿ ಮಲ್ಲಿಗೆಯದೆಷ್ಟು, ಉಳಿದವರದೆಷ್ಟು ಎಂಬ ಸಂಶಯವು ನನ್ನನ್ನು ಬಿಟ್ಟಿಲ್ಲ. ಮಲ್ಲಿಗೆಯ ಗಂಧದೊಳಗೆ ಇಂಡೋಲ್ ಎಂಬ ದ್ರವ್ಯವಿದೆ. ಮಲದ ದುರ್ನಾತದಲ್ಲಿಯೂ ಬ್ಯಾಕ್ಟೀರಿಯಗಳು ಮಾಡಿಟ್ಟ ಇಂಡೋಲೇ ಇದೆ. ಅಳತೆ ತಪ್ಪಿದರೆ ಪರಿಮಳವು ನಾತವಾಗುತ್ತದೆ.

ಎಲ್ಲ ನಿವಾಸಿಗಳೂ ಸಜ್ಜನರಲ್ಲ. ಮಕರಂದದ ಬ್ಯಾಕ್ಟೀರಿಯಗಳು ಸಕ್ಕರೆಯನ್ನು ಕದಿಯುವುದಲ್ಲದೆ ಅದನ್ನು ಹುಳಿಯಾಗಿಸಿಬಿಡುತ್ತವೆ. ಕ್ಯಾಲಿಫೋರ್ನಿಯದಲ್ಲಿ ರೇಚೆಲ್ ವ್ಯಾನೆಟ್, ತದಾಶಿ ಫುಕಾಮಿ ಮುಂತಾದವರು 2013ರಲ್ಲಿ ಕಂಡಂತೆ, ಗ್ಲುಕೊನೊಬ್ಯಾಕ್ಟರ್ ಹೊಕ್ಕ ಹೂಗಳಲ್ಲಿ ಝೇಂಕಾರದ ಹಕ್ಕಿಗಳು ಮಕರಂದವನ್ನು ಕಡಿಮೆ ಹೀರಿದವು, ಬೀಜವೂ ಕಡಿಮೆ ಕಟ್ಟಿತು. ಯೀಸ್ಟು ಹೊಕ್ಕ ಹೂಗಳಲ್ಲಿ ಅಂತಹ ಹಾನಿ ಕಾಣಲಿಲ್ಲ. ಜೇನ್ನೊಣಗಳೂ ಬ್ಯಾಕ್ಟೀರಿಯದ ಮಕರಂದವನ್ನು ದೂರವಿಟ್ಟು ಯೀಸ್ಟಿನದನ್ನು ಸಹಿಸುತ್ತವೆ, ಕೆಲವೊಮ್ಮೆ ಮೆಚ್ಚುತ್ತವೆ. ಇವರೆಲ್ಲರಿಗಿಂತ ಜಾಣ ಕಳ್ಳನೆಂದರೆ ಅಸಿನೆಟೊಬ್ಯಾಕ್ಟರ್: ಮಕರಂದದಲ್ಲಿ ಸಕ್ಕರೆ ಯಥೇಚ್ಛವಾಗಿದ್ದರೂ ಸಾರಜನಕ ಅಲ್ಪವಾಗಿರುವುದರಿಂದ, ಅದು ಅಲ್ಲಿ ಬಿದ್ದ ಪರಾಗದ ಕಣವನ್ನು ಮೊಳೆಯುವಂತೆ ಪ್ರೇರಿಸಿ, ಒಡೆಯಿಸಿ, ಒಳಗಿನ ಪೋಷಣೆಯನ್ನು ಉಣ್ಣುತ್ತದೆ. ಬೀಗವನ್ನು ಒಡೆಯದೆ ಮನೆಯೊಡೆಯನಿಂದಲೇ ಬಾಗಿಲು ತೆರೆಯಿಸುವ ಈ ಉಪಾಯವು ಬಯಲಾದದ್ದು 2021ರಲ್ಲಿ.

ದಕ್ಷಿಣ ಕನ್ನಡದ ಜೇನುಸಾಕಣೆಯವರಿಗೆ ಸೂಕ್ಷ್ಮಜೀವಿಯೆಂಬ ಮಾತು ಮೊದಲು ಕಿವಿಗೆ ಬಿದ್ದದ್ದು ಕಹಿಯಾದ ಸಂದರ್ಭದಲ್ಲಿ. 1991–92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣುರೋಗವು ದಕ್ಷಿಣ ಭಾರತದ ತುಡುವೆ ಜೇನನ್ನು ಹೊಕ್ಕು, ಮರಿಹುಳುಗಳನ್ನು ನೀರಿನ ಚೀಲಗಳಂತೆ ಉಬ್ಬಿಸಿ ಕೊಂದು, ಕುಟುಂಬಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ನಾಶಮಾಡಿತು. ತೋಟಗಳಲ್ಲಿ ಬರಿದಾದ ಪೆಟ್ಟಿಗೆಗಳು ಗೆದ್ದಲಿಗೆ ಆಹಾರವಾದವು. ಜೇನಿನ ವೈರಾಣುಗಳು ಹೂವಿನ ಮೇಲೆ ಇಳಿದು ಕುಳಿತಿರುವುದನ್ನು ಮುಂದೆ ಬೇರೆ ದೇಶಗಳಲ್ಲಿ ಪತ್ತೆಮಾಡಿದ್ದಾರೆ. ಸಂತೆಯಲ್ಲಿ ಸರಕಿನ ಜೊತೆಗೆ ಸೀತವೂ ಕೈಬದಲಾಗುವುದಲ್ಲವೆ?

ಗಂಧವೇ ಮೋಸವಾಗುವ ಬಗೆಯೂ ಈ ಊರಿನಲ್ಲಿ ಕಾಣಸಿಗುತ್ತದೆ. ಮೊದಲ ಮಳೆ ಬಿದ್ದ ಮೇಲೆ ಕೇನೆಯ, ಅಂದರೆ ಸುವರ್ಣಗೆಡ್ಡೆಯ, ಹೂವು ಎಲೆಗಿಂತ ಮುಂಚೆ ನೆಲವನ್ನು ಸೀಳಿಕೊಂಡು ಎದ್ದಾಗ ಹಿತ್ತಿಲಿನಲ್ಲಿ ಯಾವ ಪ್ರಾಣಿ ಸತ್ತಿತೆಂದು ಹುಡುಕಾಡದ ಮನೆಯಿಲ್ಲ. ಕೊಳೆಯುವ ಮಾಂಸದಲ್ಲಿ ಬ್ಯಾಕ್ಟೀರಿಯಗಳು ಉಂಟುಮಾಡುವ ಗಂಧಕಯುಕ್ತ ದ್ರವ್ಯಗಳನ್ನೇ ಆ ಹೂವು ಸ್ವತಃ ತಯಾರಿಸಿ, ಹೆಣವನ್ನರಸುವ ಜೀರುಂಡೆಗಳನ್ನು ಬಳಿಗೆ ಸೆಳೆಯುತ್ತದೆ. ಬ್ಯಾಕ್ಟೀರಿಯ ಇಲ್ಲದಿದ್ದರೂ ಅದರ ಭಾಷೆಯನ್ನು ಕಲಿತಿದೆ ಎನ್ನಬೇಕು.

ಇದೇ ಬೆಳುವಾಯಿಯಲ್ಲಿ ಸಮ್ಮಿಲನ್ ಶೆಟ್ಟಿಯವರು ಏಳು ಎಕರೆಗೂ ಮಿಕ್ಕ ಸ್ವಂತ ಭೂಮಿಯನ್ನು ಚಿಟ್ಟೆಗಳಿಗೆಂದು ಬಿಟ್ಟುಕೊಟ್ಟು ಬೆಳೆಸಿದ ಉದ್ಯಾನವು 2013ರಿಂದ ಜನರಿಗೆ ತೆರೆದಿದೆ. ಬಲೆಯ ಪಂಜರವಿಲ್ಲದ, ಮರಿಹುಳುವಿಗೆ ಬೇಕಾದ ಗಿಡವನ್ನೂ ಚಿಟ್ಟೆಗೆ ಬೇಕಾದ ಹೂವನ್ನೂ ಒಟ್ಟಿಗೆ ಬೆಳೆಸಿದ ಕಾಡು ಅದು. ಚಿಟ್ಟೆಯೆಂದರೆ ಹೂವಿನಿಂದ ಹೂವಿಗೆ ಹಾರುವ ಜೀವವೆಂದು ನಂಬಿದವರು ಹಲಸು ಗೋಡಂಬಿಗಳು ಹಣ್ಣಾಗಿ ಬಿದ್ದು ಹುಳಿಯುವ ವೈಶಾಖದಲ್ಲಿ ಈ ಸೀಮೆಯ ಕಾಡಂಚಿಗೆ ಬರಬೇಕು. ಒಣಗಿದ ಎಲೆಯನ್ನು ಹೋಲುವ ಬ್ಲ್ಯೂ ಓಕ್‌ಲೀಫ್, ಗಟ್ಟಿಮುಟ್ಟಾದ ನವಾಬ, ಬ್ಯಾರನ್ ಮುಂತಾದವು ಹೂವಿನ ಕಡೆಗೆ ಕಣ್ಣೆತ್ತಿಯೂ ನೋಡದೆ ಕೊಳೆತ ಹಣ್ಣಿನ ಮೇಲೆ ರೆಕ್ಕೆ ಮಡಿಸಿ ಕುಳಿತು ಹೀರುತ್ತಿರುತ್ತವೆ. ಅವುಗಳನ್ನು ದೂರದಿಂದ ಕರೆತರುವುದು ಯೀಸ್ಟು ಎಬ್ಬಿಸಿದ ಹುಳಿವಾಸನೆ. ಚಿಟ್ಟೆಗಳಿಗಾಗಿ ತೋಟ ಮಾಡುವವರು ಹೂಗಿಡ ನೆಟ್ಟರೆ ಸಾಲದು, ಬಿದ್ದ ಹಣ್ಣನ್ನು ಕೊಳೆಯಲು ಬಿಡುವ ತಾಳ್ಮೆಯೂ ಬೇಕು.

ಶುಚಿಯ ಬಗ್ಗೆ ನಮಗಿರುವ ಅತಿಯಾದ ಪ್ರೀತಿಯೇ ಈ ವಿಷಯದಲ್ಲಿ ಅಡ್ಡಬರುತ್ತದೆಂದು ನನ್ನ ಅಭಿಪ್ರಾಯ. ಅಡಿಕೆಯ ಕೊಳೆರೋಗವನ್ನು ಲೆಸ್ಲಿ ಕೋಲ್ಮನ್ನರು ಮೈಸೂರಿನಲ್ಲಿ 1910ರ ಸುಮಾರಿಗೆ ಶಾಸ್ತ್ರೀಯವಾಗಿ ಅಭ್ಯಸಿಸಿದಂದಿನಿಂದ ಮೈಲುತುತ್ತು ಸುಣ್ಣಗಳ ಬೋರ್ಡೋ ದ್ರಾವಣವು ಬೆಳೆಗಾರನ ಪ್ರಾಣಮಿತ್ರ. ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ 1956ರಲ್ಲಿ ಆರಂಭವಾದ ಅಡಿಕೆ ಸಂಶೋಧನ ಕೇಂದ್ರವೂ ಅದನ್ನೇ ಹೇಳಿಕೊಂಡು ಬಂದಿದೆ. ಮಳೆಗಾಲದ ಮೊದಲಿನ ಆ ಸಿಂಪಡಣೆಯನ್ನು ಬಿಡಿರೆಂದು ಹೇಳುವ ಅವಿವೇಕಿ ನಾನಲ್ಲ. ಆದರೆ ಶಿಲೀಂಧ್ರನಾಶಕಗಳಲ್ಲಿ ಹಲವು ಮಕರಂದದ ಯೀಸ್ಟುಗಳ ಬೆಳವಣಿಗೆಯನ್ನೂ ಕುಗ್ಗಿಸುತ್ತವೆಂದು ಪ್ರಯೋಗಶಾಲೆಗಳು ತೋರಿಸಿರುವಾಗ, ಮನೆಯ ಹಲಸಿನ ಗಂಡು ಹೂವಿಗೆ ಬೂಷ್ಟು ಬಂದಿತೆಂದು ಗಾಬರಿಯಾಗಿ ಉಳಿದ ದ್ರಾವಣವನ್ನು ಅದಕ್ಕೂ ಎರಚುವುದು ಅನಾವಶ್ಯಕ.

ಆದುದರಿಂದ ಹಲಸಿನ ಮರವಿರುವ ಮನೆಯವರಲ್ಲಿ ನನ್ನದೊಂದು ಬಿನ್ನಹ. ಬರುವ ಮಾಘದಲ್ಲಿ ಒಂದು ದಿನ ಹಿಡಿಸೂಡಿಯನ್ನು ಗೋಡೆಗೊರಗಿಸಿ, ಕೈಗೆಟಕುವ ಕೊಂಬೆಯಲ್ಲಿ ಹಳದಿ ಪರಾಗ ಮೆತ್ತಿದ ಒಂದು ಗೊಂಚಲನ್ನೂ ಬೂಷ್ಟು ಹಿಡಿಯತೊಡಗಿದ ಇನ್ನೊಂದನ್ನೂ ಆರಿಸಿ, ಎರಡನ್ನೂ ಮೂಸಿ ನೋಡಿ. ಸಾಧ್ಯವಾದರೆ ಕತ್ತಲಾದ ಮೇಲೆ ಟಾರ್ಚು ಹಿಡಿದು ಇನ್ನೊಮ್ಮೆ ಬನ್ನಿ. ಮನೆಯ ಮಕ್ಕಳನ್ನೂ ಕರೆದುಕೊಳ್ಳಿ, ಸಣ್ಣ ನೊರಜು ಅವರ ಕಣ್ಣಿಗೆ ನಮಗಿಂತ ಮೊದಲು ಬೀಳುತ್ತದೆ.